‘ಡಿಪ್ರೆಸ್ಡ್’ ಎಂದರೇನು? – ಒಂದು ಆಂಗ್ಲ ವಿಶೇಷಣದ ಅರ್ಥವಿಚಾರ

ಒಂದು ಭಾಷೆಯ ಶಬ್ದವು ಮತ್ತೊಂದು ಭಾಷೆಯ ಮನೆಗೆ ಬಂದು ನೆಲೆಸುವುದು ಹೊಸ ಸಂಗತಿಯೇನೂ ಅಲ್ಲ. ಬಸ್ಸು, ರೈಲು, ಕಾಫಿ, ಟಿಕೀಟುಗಳು ಹಾಗೆಯೇ ಬಂದವು. ಅವುಗಳಿಂದ ನಮಗೆ ತೊಂದರೆಯೂ ಆಗಲಿಲ್ಲ. ಬಸ್ಸು ಎಂದರೆ ಯಾವುದು ಎಂಬ ವಿಷಯದಲ್ಲಿ ತಂದೆಗೂ ಮಗನಿಗೂ ಭಿನ್ನಾಭಿಪ್ರಾಯ ಬರುವ ಸಂಭವವಿಲ್ಲ. ಆದರೆ ಮನಸ್ಸಿಗೆ ಸಂಬಂಧಿಸಿದ ಶಬ್ದವೊಂದು ಹೀಗೆ ಬಂದು ಸೇರಿದಾಗ ಸ್ಥಿತಿ ಬೇರೆಯಾಗುತ್ತದೆ. ಆಡುವವರು ಒಂದು ಅರ್ಥದಲ್ಲಿ ಆಡುತ್ತಾರೆ, ಕೇಳುವವರು ಇನ್ನೊಂದು ಅರ್ಥದಲ್ಲಿ ಕೇಳುತ್ತಾರೆ. ಇಬ್ಬರಿಗೂ ತಾವು ಅರ್ಥಮಾಡಿಕೊಂಡೆವೆಂಬ ಭಾವನೆ ಮಾತ್ರ ಉಳಿಯುತ್ತದೆ. ‘ಡಿಪ್ರೆಸ್ಡ್’ ಎಂಬುದು ಅಂತಹ ಒಂದು ಶಬ್ದ.

ಈಚೆಗೆ ಒಂದೇ ವಾರದಲ್ಲಿ ಈ ಮಾತು ಮೂರು ಸಲ ನನ್ನ ಕಿವಿಗೆ ಬಿದ್ದಿತು. ಕಾಲೇಜಿಗೆ ಹೋಗುವ ಮೊಮ್ಮಗಳು, ತಾನು ಮೆಚ್ಚಿದ ಕ್ರಿಕೆಟ್ ತಂಡ ಸೋತಿತೆಂದು, ‘ಅಜ್ಜ, ನಾನು ಫುಲ್ ಡಿಪ್ರೆಸ್ಡ್’ ಎಂದು ದೂರವಾಣಿಯಲ್ಲಿ ಘೋಷಿಸಿದಳು. ವರ್ಗಾವಣೆಯ ಆದೇಶ ಕೈಸೇರಿದ ನೆರೆಮನೆಯವರು ಬೀದಿಯಲ್ಲಿ ನಿಂತೇ ಅದೇ ಮಾತನ್ನಾಡಿದರು. ಮೂರನೆಯ ಸಲ ಕೇಳಿದ್ದು ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ. ಪ್ರಸಾದ ಮುಗಿಸಿ ಕೈತೊಳೆಯಲು ಎದ್ದಾಗ, ಪರಿಚಯದ ತಾಯಿಯೊಬ್ಬರು ಹತ್ತಿರ ಬಂದು, ಅಕ್ಕಪಕ್ಕ ನೋಡಿ, ಧ್ವನಿ ತಗ್ಗಿಸಿ, ‘ನಮ್ಮ ಸೊಸೆಗೆ ಡಿಪ್ರೆಶನ್ ಅಂತ ಡಾಕ್ಟರು ಬರೆದುಕೊಟ್ಟಾರ, ಹಂಗಂದ್ರ ಏನು, ನೀವು ಇಂಗ್ಲಿಷ್ ಕಲಿಸಿದವರು’ ಎಂದು ಕೇಳಿದರು. ಮೊದಲ ಎರಡು ಸಲ ಕೂಗಿ ಹೇಳಿದ ಶಬ್ದವೇ ಮೂರನೆಯ ಸಲ ಪಿಸುಮಾತಾಯಿತು.

ಆ ತಾಯಿಗೆ ನಾನು ಅಂದು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಡ್ಡಾಯ ಇಂಗ್ಲಿಷ್ ಬೋಧಿಸಿದ ನನಗೆ ಆ ಶಬ್ದದ ಕಾಗುಣಿತ ಬರುತ್ತಿತ್ತು, ವ್ಯಾಕರಣ ಬರುತ್ತಿತ್ತು. ಅಷ್ಟು ಸಾಲದೆಂಬುದನ್ನು ಬಹಳ ಹಿಂದೆಯೇ ಒಬ್ಬ ವಿದ್ಯಾರ್ಥಿ ನನಗೆ ತೋರಿಸಿಕೊಟ್ಟಿದ್ದ. ಅವನ ವಿಷಯಕ್ಕೆ ಬರುವ ಮೊದಲು ಶಬ್ದದ ಹುಟ್ಟನ್ನು ಸ್ವಲ್ಪ ನೋಡೋಣ.

ಒತ್ತುವ ಧಾತು

ಲ್ಯಾಟಿನ್ ಭಾಷೆಯಲ್ಲಿ ‘ಪ್ರೆಮೆರೆ’ ಎಂಬ ಕ್ರಿಯಾಪದವಿದೆ. ಒತ್ತು, ಅದುಮು ಎಂದು ಅದರ ಅರ್ಥ. ಈ ಧಾತುವಿನ ಸಂತಾನ ದೊಡ್ಡದು. ಮುದ್ರಣಾಲಯವನ್ನು ನಾವು ಪ್ರೆಸ್ ಎನ್ನುವುದು ಕಾಗದದ ಮೇಲೆ ಅಚ್ಚುಮೊಳೆಯನ್ನು ಒತ್ತುವುದರಿಂದ. ನಮ್ಮ ಅಡಿಗೆಮನೆಯ ಪ್ರೆಶರ್ ಕುಕ್ಕರ್ ಇದೇ ವಂಶದ್ದು. ವೃದ್ಧರಾದ ನಮ್ಮಂಥವರನ್ನು ಕಾಡುವ ಬ್ಲಡ್ ಪ್ರೆಶರ್ ಕೂಡ ಇದರದೇ ಬಳಗ. ಒಳಗಿದ್ದುದನ್ನು ಹೊರಕ್ಕೆ ಒತ್ತಿದರೆ ಎಕ್ಸ್‌ಪ್ರೆಸ್, ಒಳಕ್ಕೆ ಒತ್ತಿದರೆ ಇಂಪ್ರೆಸ್, ಏಳದಂತೆ ಅಡಗಿಸಿದರೆ ಸಪ್ರೆಸ್. ‘ಡಿ’ ಎಂಬ ಉಪಸರ್ಗಕ್ಕೆ ಇಲ್ಲಿ ‘ಕೆಳಕ್ಕೆ’ ಎಂಬ ಅರ್ಥ. ಆದುದರಿಂದ ‘ಡಿಪ್ರೆಸ್ಡ್’ ಎಂದರೆ ಕೆಳಕ್ಕೆ ಒತ್ತಲ್ಪಟ್ಟ.

ವೈದ್ಯರು ಗಂಟಲು ನೋಡುವಾಗ ನಾಲಗೆಯ ಮೇಲಿಟ್ಟು ಅದುಮುವ ಚಪ್ಪಟೆ ಪಟ್ಟಿಯನ್ನು ಮಕ್ಕಳೆಲ್ಲ ಬಲ್ಲರು. ಅದರ ಹೆಸರು ‘ಟಂಗ್ ಡಿಪ್ರೆಸರ್’. ಅಲ್ಲಿ ಮನಸ್ಸಿನ ಮಾತೇ ಇಲ್ಲ, ನಾಲಗೆಯನ್ನು ಕೆಳಕ್ಕೆ ಒತ್ತುವ ಸಾಧನ ಅಷ್ಟೆ. ನೆಲದಲ್ಲಿರುವ ತಗ್ಗಿಗೂ ಭೂಗೋಳದವರು ಡಿಪ್ರೆಶನ್ ಎನ್ನುತ್ತಾರೆ. 1929ರಲ್ಲಿ ಅಮೆರಿಕೆಯ ಷೇರುಪೇಟೆ ಕುಸಿದ ತರುವಾಯ ಜಗತ್ತನ್ನೇ ಕಂಗೆಡಿಸಿದ ಆರ್ಥಿಕ ದುಃಸ್ಥಿತಿಯ ಹೆಸರು ‘ಗ್ರೇಟ್ ಡಿಪ್ರೆಶನ್’. ಬಂಗಾಳ ಕೊಲ್ಲಿಯಲ್ಲಿ ಮಳೆಗಾಲದ ಹೊತ್ತಿಗೆ ಕಾಣಿಸಿಕೊಳ್ಳುವುದೂ ಡಿಪ್ರೆಶನ್ನೇ. ನಮ್ಮ ವೃತ್ತಪತ್ರಿಕೆಗಳು ಅದನ್ನು ‘ವಾಯುಭಾರ ಕುಸಿತ’ ಎಂದು ಚೆಲುವಾಗಿ ಕನ್ನಡಿಸಿವೆ. ಹೀಗೆ ಆಂಗ್ಲರು ಒಂದೇ ಶಬ್ದದಿಂದ ನಡೆಸುವ ಸಂಸಾರವನ್ನು ನಾವು ತಗ್ಗು, ಕುಸಿತ, ಮುಗ್ಗಟ್ಟು, ಖಿನ್ನತೆ ಎಂದು ನಾಲ್ಕು ಮನೆಗಳಾಗಿ ಮಾಡಿಕೊಂಡಿದ್ದೇವೆ. ಈ ವಿಷಯದಲ್ಲಿ ಕನ್ನಡವೇ ಅನುಕೂಲವೆಂದು ನನ್ನ ಅಭಿಪ್ರಾಯ.

ಇನ್ನೊಂದು ಸೂಕ್ಷ್ಮವಿದೆ. ‘ಡಿಪ್ರೆಸ್ಡ್’ ಎಂಬುದು ಕರ್ಮಣಿ ಅರ್ಥದ ಭೂತಕೃದಂತ. ಒತ್ತಲ್ಪಟ್ಟದ್ದು ಇದೆ ಎಂದ ಮೇಲೆ ಒತ್ತಿದವರು ಯಾರಾದರೂ ಇರಬೇಕಲ್ಲವೆ? ಆ ಪ್ರಶ್ನೆಗೆ ಈ ಶಬ್ದ ಉತ್ತರ ಕೊಡುವುದಿಲ್ಲ. ಭಾರತದ ಇತಿಹಾಸದಲ್ಲಿ ಇದೇ ವಿಶೇಷಣವು ಒಂದು ಕಾಲಕ್ಕೆ ಕೋಟ್ಯಂತರ ಜನರ ಹೆಸರಾಗಿತ್ತೆಂಬುದನ್ನು ಇಂದಿನ ಮಕ್ಕಳು ಅರಿಯರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಜನಸಮುದಾಯವನ್ನು ಬ್ರಿಟಿಷರ ಆಳಿಕೆಯಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್’ ಎಂದು ಕರೆಯುತ್ತಿದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸ್ಥಾಪಿಸಿದ ಸಂಸ್ಥೆಯ ಹೆಸರಿನಲ್ಲಿ ಈ ಪದವಿದೆ. ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮಿಶನ್ನಿನ ಹೆಸರಿನಲ್ಲಿಯೂ ಇದೆ. ದುಂಡುಮೇಜಿನ ಪರಿಷತ್ತಿನಲ್ಲಿ ಡಾ. ಅಂಬೇಡ್ಕರರು ಮಾತನಾಡಿದ್ದು ಈ ಹೆಸರಿನ ಜನರ ಪರವಾಗಿ. 1935ರ ಶಾಸನ ಬಂದ ಮೇಲೆ ‘ಪರಿಶಿಷ್ಟ ಜಾತಿ’ ಎಂಬ ಹೆಸರು ರೂಢಿಗೆ ಬಂದಿತು. ಆ ಜನರು ತಾವೇ ಒಪ್ಪಿ ಮುಂದೆ ತಂದ ‘ದಲಿತ’ ಎಂಬ ಸಂಸ್ಕೃತ ಶಬ್ದವೂ ಭೂತಕೃದಂತವೇ. ಒಡೆಯಲ್ಪಟ್ಟ, ತುಳಿಯಲ್ಪಟ್ಟ ಎಂದು ಅದರರ್ಥ. ಆದರೆ ಒಂದು ವ್ಯತ್ಯಾಸ: ‘ದಲಿತ’ ಎಂದಾಗ ತುಳಿದವರಾರೆಂಬ ಪ್ರಶ್ನೆ ಕೇಳುವವನ ಮನಸ್ಸಿನಲ್ಲಿ ಏಳುತ್ತದೆ. ‘ಡಿಪ್ರೆಸ್ಡ್’ ಎಂದಾಗ ಅದು ಏಳದು. ಮನೆಯ ಸೊಸೆಯೊಬ್ಬಳನ್ನು ಕುರಿತು ಆ ಮಾತನ್ನಾಡುವಾಗಲೂ ಹಾಗೆಯೇ. ಆಕೆಯ ಮೇಲೆ ಯಾವ ಭಾರ ಬಿದ್ದಿದೆ ಎಂದು ವಿಚಾರಿಸುವವರು ವಿರಳ.

ಕೆಂಪು ಮಸಿಯ ಒಂದು ತಿದ್ದುಪಡಿ

ಈಗ ವಿದ್ಯಾರ್ಥಿಯ ಸಂಗತಿ. 1984ರ ಮಳೆಗಾಲ. ಉತ್ತರ ಕರ್ನಾಟಕದ ಒಂದು ಪಟ್ಟಣದ ಕಾಲೇಜಿನಲ್ಲಿ ನಾನು ಪ್ರಥಮ ವರ್ಷದ ತರಗತಿಗೆ ‘ನನ್ನ ವಸತಿನಿಲಯದ ಜೀವನ’ ಎಂಬ ವಿಷಯದ ಮೇಲೆ ಆಂಗ್ಲ ಪ್ರಬಂಧ ಬರೆಯಹೇಳಿದ್ದೆ. ತೊಂಬತ್ತು ನೋಟುಪುಸ್ತಕಗಳು. ಬಹುತೇಕರು ಊಟದ ಸಾರು ನೀರಾಗಿದೆಯೆಂದು ಬರೆದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹಳ್ಳಿಯ ಹುಡುಗ ಮಾತ್ರ ಆರೇಳು ಸಾಲು ಬರೆದು ನಿಲ್ಲಿಸಿಬಿಟ್ಟಿದ್ದ. ರಾತ್ರಿ ನಿದ್ದೆ ಬರುವುದಿಲ್ಲವೆಂದೂ, ಬೆಳಗಾದರೆ ಏಳಲು ಮನಸ್ಸಾಗುವುದಿಲ್ಲವೆಂದೂ ತಪ್ಪುತಪ್ಪಾದ ಇಂಗ್ಲಿಷಿನಲ್ಲಿತ್ತು. ಕೊನೆಯ ಸಾಲು: ‘ಐ ಆಮ್ ಡಿಪ್ರೆಸಿಂಗ್’.

ಇದು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ‘ಎಡ್’ ಪ್ರತ್ಯಯ ಸೇರಿದರೆ ಭಾವವನ್ನು ಅನುಭವಿಸುವವನು, ‘ಇಂಗ್’ ಸೇರಿದರೆ ಆ ಭಾವವನ್ನು ಹುಟ್ಟಿಸುವಂಥದು. ಬೋರ್ಡ್ ಆದವನು ಶ್ರೋತೃ, ಬೋರಿಂಗ್ ಆದದ್ದು ಭಾಷಣ. ಅಂತೆಯೇ ಡಿಪ್ರೆಸ್ಡ್ ಆದವನು ಮನುಷ್ಯ, ಡಿಪ್ರೆಸಿಂಗ್ ಆದದ್ದು ಸುದ್ದಿ, ಹವೆ, ಕತ್ತಲೆಯ ಕೊಠಡಿ. ನಾನು ‘ಇಂಗ್’ ಅನ್ನು ಕೆಂಪು ಮಸಿಯಿಂದ ಹೊಡೆದುಹಾಕಿ ‘ಎಡ್’ ಎಂದು ಬರೆದೆ. ಪಕ್ಕದಲ್ಲಿ ವ್ಯಾಕರಣದ ಪುಟಸಂಖ್ಯೆಯನ್ನೂ ನಮೂದಿಸಿದೆ. ಹತ್ತಕ್ಕೆ ಮೂರು ಅಂಕ ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮರುದಿನ ತರಗತಿಯಲ್ಲಿ ಆ ವಾಕ್ಯವನ್ನು ಹೆಸರು ಹೇಳದೆ ಹಲಗೆಯ ಮೇಲೆ ಬರೆದು, ‘ಅಂದರೆ ಈತನನ್ನು ನೋಡಿದವರಿಗೆಲ್ಲ ದುಃಖ ಉಂಟಾಗುತ್ತದೆ’ ಎಂದು ವಿವರಿಸಿದೆ. ತರಗತಿ ನಕ್ಕಿತು. ಪಾಠ ಚೆನ್ನಾಗಿ ನಾಟಿತೆಂದು ನಾನು ಸಂತೋಷಪಟ್ಟೆ. ಹದಿನೈದು ದಿನಗಳ ಮೇಲೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತುಗಳು ಬಿದ್ದವು. ನಾನು ಗಮನಿಸಲಿಲ್ಲ.

ಕಪ್ಪು ಪಿತ್ತದಿಂದ ಕುಸಿತದವರೆಗೆ

ಆಂಗ್ಲರೂ ಈ ಶಬ್ದವನ್ನು ಮನಸ್ಸಿನ ರೋಗಕ್ಕೆ ಮೊದಲಿನಿಂದ ಬಳಸಿದವರಲ್ಲ. ಅವರ ಹಳೆಯ ಶಬ್ದ ‘ಮೆಲಂಕಲಿ’. ಅದು ಗ್ರೀಕರದು. ‘ಮೆಲಸ್’ ಎಂದರೆ ಕಪ್ಪು, ‘ಖೋಲೆ’ ಎಂದರೆ ಪಿತ್ತ. ಶರೀರದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತಗಳೆಂಬ ನಾಲ್ಕು ರಸಗಳಿರುವುವೆಂದೂ, ಕಪ್ಪು ಪಿತ್ತ ಹೆಚ್ಚಿದವನಿಗೆ ದೀರ್ಘಕಾಲದ ಭಯವೂ ವಿಷಾದವೂ ಅಂಟಿಕೊಳ್ಳುವುವೆಂದೂ ಪ್ರಾಚೀನ ಗ್ರೀಕ್ ವೈದ್ಯರು ಬಗೆದಿದ್ದರು. ನಮ್ಮ ಆಯುರ್ವೇದದ ವಾತ ಪಿತ್ತ ಕಫಗಳನ್ನು ಬಲ್ಲವರಿಗೆ ಈ ವಿಚಾರಸರಣಿ ಅಪರಿಚಿತವೆನಿಸದು. ಆಕ್ಸ್‌ಫರ್ಡಿನ ರಾಬರ್ಟ್ ಬರ್ಟನ್ ಎಂಬ ವಿದ್ವಾಂಸ 1621ರಲ್ಲಿ ಈ ಒಂದು ಶಬ್ದವನ್ನೇ ಹಿಡಿದು ಬೃಹದ್ಗ್ರಂಥವೊಂದನ್ನು ಪ್ರಕಟಿಸಿದನು. ಜೀವಮಾನವಿಡೀ ಅದಕ್ಕೆ ಸೇರಿಸುತ್ತಲೇ ಹೋದನು. 1755ರಲ್ಲಿ ಆಂಗ್ಲ ಭಾಷೆಗೆ ಹೆಸರಾಂತ ನಿಘಂಟನ್ನು ರಚಿಸಿಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್ನನೇ ಈ ವ್ಯಥೆಯಿಂದ ಆಗಾಗ ಬಳಲುತ್ತಿದ್ದನು. ಅದನ್ನು ‘ಕರಿನಾಯಿ’ ಎಂದು ಆಪ್ತರಿಗೆ ಬರೆದ ಪತ್ರಗಳಲ್ಲಿ ಕರೆಯುತ್ತಿದ್ದನು. ಸಹಸ್ರಾರು ಶಬ್ದಗಳ ಅರ್ಥವನ್ನು ಜಗತ್ತಿಗೆ ತಿಳಿಸಿದವನೂ ತನ್ನ ಸಂಕಟವನ್ನು ಹೇಳಿಕೊಳ್ಳುವಾಗ ಒಂದು ನಾಯಿಯನ್ನು ಆಶ್ರಯಿಸಬೇಕಾಯಿತು!

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಾಲ್ಫ್ ಮೇಯರ್ ಎಂಬ ಮನೋವೈದ್ಯರು, ಕಪ್ಪು ಪಿತ್ತದ ಕಲ್ಪನೆಯೇ ಬಿದ್ದುಹೋದ ಮೇಲೆ ಆ ಹೆಸರು ಸಲ್ಲದೆಂದೂ, ‘ಡಿಪ್ರೆಶನ್’ ಎಂಬುದೇ ಲೇಸೆಂದೂ ಪ್ರತಿಪಾದಿಸಿದರು. ಮಾತು ನೆಲೆಗೊಂಡಿತು. ಆದರೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಅಮೆರಿಕೆಯ ಕಾದಂಬರಿಕಾರ ವಿಲಿಯಂ ಸ್ಟೈರನ್ ತಾನೇ ಈ ರೋಗಕ್ಕೆ ತುತ್ತಾಗಿ ಚೇತರಿಸಿಕೊಂಡ ಮೇಲೆ 1990ರಲ್ಲಿ ಹೊರತಂದ ಆತ್ಮಕಥನದಲ್ಲಿ ಈ ಶಬ್ದದ ಮೇಲೆಯೇ ದೂರು ಹೇಳಿದ್ದಾನೆ. ಪೇಟೆಯ ಇಳಿತಕ್ಕೂ ನೆಲದ ತಗ್ಗಿಗೂ ಬಳಸುವ ಇಷ್ಟು ಸಪ್ಪೆಯಾದ ಮಾತಿನಿಂದ ಆ ಭೀಕರ ಯಾತನೆಯ ಸುಳಿವೂ ಹೊರಗಿನವರಿಗೆ ಸಿಗದೆಂಬುದು ಅವನ ಆಕ್ಷೇಪಣೆಯ ಸಾರ. ಆತನ ದೂರಿನಲ್ಲಿ ಹುರುಳಿದೆ. ಕ್ರಿಕೆಟ್ಟಿನಲ್ಲಿ ಸೋತದ್ದಕ್ಕೂ ಆರು ತಿಂಗಳು ಹಾಸಿಗೆ ಬಿಟ್ಟೇಳದಿರುವುದಕ್ಕೂ ಒಂದೇ ವಿಶೇಷಣ ಸಾಕೆಂದ ಮೇಲೆ ಎರಡನೆಯದರ ತೂಕವನ್ನು ಯಾರು ನಂಬಿಯಾರು?

ವಾಸ್ತವವಾಗಿ ಆಂಗ್ಲದಲ್ಲಿ ಕುಗ್ಗಿದ ಮನಸ್ಸಿಗೆ ಶಬ್ದಗಳ ಕೊರತೆಯಿಲ್ಲ. ‘ಸ್ಯಾಡ್’ ಎಂಬುದು ಕಾರಣ ತಿಳಿದ ದುಃಖ. ‘ಡಿಜೆಕ್ಟೆಡ್’ ಎಂದರೆ ಕೆಳಕ್ಕೆ ಎಸೆಯಲ್ಪಟ್ಟ. ಪರೀಕ್ಷೆಯ ಫಲಿತಾಂಶ ನೋಡಿ ಬಂದವನ ಮುಖಕ್ಕೆ ಇದು ಒಪ್ಪುತ್ತದೆ. ‘ಡೆಸ್ಪಾಂಡೆಂಟ್’ ಎಂಬಲ್ಲಿ ಮುಂದಿನ ಆಸೆಯನ್ನೇ ಕೈಬಿಟ್ಟ ಭಾವವಿದೆ. ‘ಗ್ಲೂಮಿ’ಯನ್ನು ಮೋಡ ಮುಚ್ಚಿದ ಆಕಾಶಕ್ಕೂ ಸಿಡುಕುಮೋರೆಯ ಮನುಷ್ಯನಿಗೂ ಬಳಸಬಹುದು. ‘ಕ್ರೆಸ್ಟ್‌ಫಾಲನ್’ ಎಂದರೆ ಜುಟ್ಟು ಬಿದ್ದ, ಗರ್ವ ಇಳಿದ. ‘ಬ್ಲೂ’ ಎಂಬುದು ಸಲಿಗೆಯ ಮಾತು. ಇದನ್ನು ‘ನಾನು ನೀಲಿಯಾಗಿದ್ದೇನೆ’ ಎಂದು ಅನುವಾದಿಸಿದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ತಂಡ ಸೋತ ನನ್ನ ಮೊಮ್ಮಗಳಿಗೆ ‘ಡಿಜೆಕ್ಟೆಡ್’ ಎಂಬುದು ಸರಿಹೊಂದುತ್ತಿತ್ತು. ನೆರೆಮನೆಯವರಿಗೆ ‘ಅಪ್‌ಸೆಟ್’ ಸಾಕಾಗುತ್ತಿತ್ತು. ಇವೆಲ್ಲಕ್ಕೂ ಸಾಮಾನ್ಯವಾಗಿ ಒಂದು ಕಾರಣ, ಒಂದು ಘಟನೆ ಇರುತ್ತದೆ. ‘ಡಿಪ್ರೆಸ್ಡ್’ ಎಂಬುದಕ್ಕೆ ಅದು ಇರಲೂಬಹುದು, ಇಲ್ಲದಿರಲೂಬಹುದು. ‘ಏನು ಕಡಿಮೆಯಾಗಿದೆ ನಿನಗೆ? ಉಣ್ಣಲಿಲ್ಲವೆ, ಉಡಲಿಲ್ಲವೆ?’ ಎಂದು ನಮ್ಮ ಹಿರಿಯರು ಹಾಕುವ ಪ್ರಶ್ನೆ ಎಡವುವುದು ಇಲ್ಲಿಯೇ. ಜ್ವರ ಬಂದವನನ್ನು ಹಾಗೆ ಯಾರೂ ಕೇಳುವುದಿಲ್ಲ.

ನಮ್ಮ ನುಡಿಯಲ್ಲಿ

ಕನ್ನಡದ ಪುಸ್ತಕಗಳಲ್ಲಿಯೂ ವೈದ್ಯರ ಬರವಣಿಗೆಯಲ್ಲಿಯೂ ‘ಖಿನ್ನತೆ’ ಎಂಬ ಪದ ನೆಲೆಗೊಂಡಿದೆ. ‘ಖಿನ್ನ’ವೂ ಭೂತಕೃದಂತ. ಖೇದ ಎಂಬುದು ಹುಟ್ಟಿದ ಧಾತುವಿನಿಂದಲೇ ಬಂದುದು. ಆ ಧಾತುವಿಗೆ ದೈನ್ಯವೆಂದೂ ಪೆಟ್ಟೆಂದೂ ಅರ್ಥ ಹೇಳುತ್ತಾರೆ. ‘ವಿಷಣ್ಣ’ ಎಂದರೆ ಕುಸಿದು ಕುಳಿತವನು. ಹಿಂದಿಯವರು ಬಳಸುವ ‘ಅವಸಾದ’ವೂ ಅದೇ ಬಳಗಕ್ಕೆ ಸೇರಿದ್ದು. ತೆಲುಗರು ‘ಕುಂಗುಬಾಟು’ ಎನ್ನುತ್ತಾರೆ. ನಮ್ಮ ‘ಕುಗ್ಗು’ ಅದರ ಸೋದರಿ. ತಮಿಳರ ‘ಮನ ಅಳುತ್ತಂ’ ಎಂಬಲ್ಲಿ ಒತ್ತಡವೇ ಇದೆ. ದೇಶ ಯಾವುದಾದರೂ ಆಗಲಿ, ಮನಸ್ಸು ಸೋತಾಗ ಮನುಷ್ಯನಿಗೆ ತೋರುವುದು ಮೇಲೆ ಭಾರ ಬಿದ್ದು ಕೆಳಗಿಳಿದಂತೆ. ಭಾಷಾಶಾಸ್ತ್ರಜ್ಞರು ಇದಕ್ಕೇನು ಹೇಳುವರೋ, ನನಗಂತೂ ಇದು ಕಾಕತಾಳೀಯವೆಂದು ತೋರುವುದಿಲ್ಲ.

ಇವು ಪುಸ್ತಕದ ಮಾತುಗಳು. ಮನೆಯ ಮಾತಿನಲ್ಲಿ ‘ನಾನು ಖಿನ್ನನಾಗಿದ್ದೇನೆ’ ಎಂದು ಹೇಳಿದ ಒಬ್ಬನನ್ನೂ ನಾನು ಕಂಡಿಲ್ಲ. ಬೇಸರ, ದುಗುಡ, ಕೊರಗು, ಅಳಲು, ಮಂಕು, ಉಮ್ಮಳ – ನಮ್ಮ ತಾಯಂದಿರು ಬಳಸಿದ ಶಬ್ದಗಳಿವು. ಅದಕ್ಕಿಂತ ಹೆಚ್ಚಾಗಿ ಅವರು ಶರೀರದ ಮೂಲಕ ಹೇಳುತ್ತಿದ್ದರು: ಎದೆ ಭಾರವಾಗಿದೆ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೋತಿವೆ, ಬಾಯಿ ರುಚಿಯಿಲ್ಲ, ತಲೆಯಲ್ಲಿ ಏನೋ ಗುಂಯ್ ಎನ್ನುತ್ತದೆ. ಇದನ್ನು ಕೇಳಿದವರು ಶುಂಠಿ ಕಷಾಯ ಮಾಡಿಕೊಟ್ಟರು, ಶಕ್ತಿಯ ಇಂಜೆಕ್ಷನ್ ಹಾಕಿಸಿದರು. ತಪ್ಪೆಂದು ಹೇಗೆ ಹೇಳೋಣ? ಮಾತು ಹೊಟ್ಟೆಯ ಮೇಲಿತ್ತು, ಮದ್ದು ಹೊಟ್ಟೆಗೆ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟರು. ಆ ಪ್ರಯೋಗವೇ ಮುಂದೆ, 1996ರಲ್ಲಿ, ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂತಹ ಹಳ್ಳಿಯ ದವಾಖಾನೆಗಳಿಗೆ ಬರುವವರು ‘ನನ್ನ ಮನಸ್ಸಿಗೆ ರೋಗ’ ಎಂದು ಹೇಳಿಕೊಂಡು ಬರುವುದಿಲ್ಲ. ಸೊಂಟನೋವು, ನಿದ್ರಾಹೀನತೆ ಎಂದು ಬರುತ್ತಾರೆ. ಒಳಗಿನ ಮಾತನ್ನು ವೈದ್ಯರೇ ಕೇಳಿ ತೆಗೆಯಬೇಕಾಗುತ್ತದೆ.

ವ್ಯಾಕರಣದಲ್ಲಿಯೂ ಒಂದು ಸ್ವಾರಸ್ಯವಿದೆ. ಆಂಗ್ಲರು ‘ಐ ಆಮ್ ಸ್ಯಾಡ್’ ಎನ್ನುತ್ತಾರೆ. ‘ನಾನು’ ಎಂಬುದೇ ದುಃಖಿ ಎಂಬಂತೆ. ನಾವು ‘ನನಗೆ ಬೇಸರವಾಗಿದೆ’ ಎನ್ನುತ್ತೇವೆ. ಚತುರ್ಥೀ ವಿಭಕ್ತಿ. ಹಸಿವು, ಬಾಯಾರಿಕೆ, ಜ್ವರಗಳಂತೆ ಬೇಸರವೂ ನಮಗೆ ‘ಆಗುವಂಥದು’, ಹೊರಗಿನಿಂದ ಬಂದು ನಮ್ಮ ಬಾಗಿಲಲ್ಲಿ ಕುಳಿತದ್ದು. ಬಂದದ್ದು ಹೋಗಬಹುದೆಂಬ ಭರವಸೆ ಆ ವಿಭಕ್ತಿಯಲ್ಲಿಯೇ ಅಡಗಿದೆ. ಮಕ್ಕಳು ಕನ್ನಡದ ನಡುವೆ ‘ನಾನು ಡಿಪ್ರೆಸ್ಡ್’ ಎನ್ನುವಾಗ ಪ್ರಥಮಾ ವಿಭಕ್ತಿ ಬಂದು ಕೂರುತ್ತದೆ. ಪಿಸುಗುಟ್ಟಿದ ಆ ತಾಯಿ ‘ಸೊಸೆಗೆ ಡಿಪ್ರೆಶನ್’ ಎಂದು ಚತುರ್ಥಿಯಲ್ಲಿಯೇ ಹೇಳಿದ್ದು ನನಗೆ ಹಿತವೆನಿಸಿತು.

ಎಷ್ಟು ದಿನ, ಎಷ್ಟು ಆಳ?

ಹವಾಮಾನ ಇಲಾಖೆಯವರು ಸಮುದ್ರದ ಮೇಲಿನ ಡಿಪ್ರೆಶನ್ನನ್ನು ಅಂದಾಜಿನ ಮೇಲೆ ಹೇಳುವುದಿಲ್ಲ. ಗಾಳಿಯ ವೇಗ ಗಂಟೆಗೆ 31ರಿಂದ 50 ಕಿಲೋಮೀಟರ್ ಇದ್ದರೆ ವಾಯುಭಾರ ಕುಸಿತ, 51ರಿಂದ 61 ಇದ್ದರೆ ತೀವ್ರ ಕುಸಿತ, 62 ದಾಟಿತೆಂದರೆ ಚಂಡಮಾರುತ. ಮೀನುಗಾರರು ಇದನ್ನು ಕೇಳಿಕೊಂಡು ದೋಣಿ ಇಳಿಸುವುದೋ ಬಿಡುವುದೋ ನಿರ್ಧರಿಸುತ್ತಾರೆ. ಮನಸ್ಸಿನ ವಿಷಯದಲ್ಲಿಯೂ ವೈದ್ಯರು ಒಂದು ಅಳತೆಗೋಲನ್ನು ಇಟ್ಟುಕೊಂಡಿದ್ದಾರೆ. 1980ರಲ್ಲಿ ಅಮೆರಿಕೆಯ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಸೇರಿ ಇಂದಿಗೂ ಹೆಚ್ಚುಕಡಿಮೆ ಉಳಿದುಬಂದಿರುವ ಸೂತ್ರ ಹೀಗಿದೆ: ದಿನದ ಬಹುಭಾಗ ಕುಗ್ಗಿದ ಮನಸ್ಸು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಹಸಿವೆ ಅಥವಾ ತೂಕದಲ್ಲಿ ಏರುಪೇರು, ನಿದ್ರೆ ಕೆಡುವುದು ಇಲ್ಲವೆ ಅತಿಯಾಗುವುದು, ನಡೆನುಡಿ ನಿಧಾನವಾಗುವುದು ಇಲ್ಲವೆ ಚಡಪಡಿಕೆ, ಆಯಾಸ, ತಾನು ನಿಷ್ಪ್ರಯೋಜಕನೆಂಬ ಅಥವಾ ತಪ್ಪಿತಸ್ಥನೆಂಬ ಭಾವ, ಏಕಾಗ್ರತೆ ತಪ್ಪುವುದು, ಸಾವಿನ ವಿಚಾರ ಮರಳಿ ಮರಳಿ ಬರುವುದು. ಈ ಒಂಬತ್ತರಲ್ಲಿ ಐದಾದರೂ, ಮೊದಲೆರಡರಲ್ಲಿ ಒಂದಾದರೂ ಸೇರಿ, ಎರಡು ವಾರಗಳ ಕಾಲ ಬಿಡದೆ ಇದ್ದು ನಿತ್ಯದ ಬಾಳಿಗೆ ತೊಡಕಾದರೆ ಅದು ರೋಗ. ನಿರ್ಣಯಿಸುವವರು ವೈದ್ಯರೇ ಹೊರತು ನಾವಲ್ಲ. ಆದರೆ ಎರಡು ವಾರ ಎಂಬ ಲೆಕ್ಕವನ್ನು ಮನೆಯವರೂ ಇಟ್ಟುಕೊಳ್ಳಬಹುದು.

ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಈ ರೋಗವನ್ನು ಅನುಭವಿಸಿರುತ್ತಾರೆಂದು ಕಂಡುಬಂದಿತು. ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತವರನ್ನು ಎಣಿಸಿಕೊಂಡರೆ ಲೆಕ್ಕ ತಿಳಿಯುತ್ತದೆ. ಮಾತುಕತೆಯ ಚಿಕಿತ್ಸೆಯೂ ಔಷಧಿಯೂ ಇದಕ್ಕೆ ಇವೆ, ಫಲಕಾರಿಯೂ ಆಗಿವೆ. ಔಷಧಿ ಕೆಲಸಮಾಡಲು ಕೆಲವು ವಾರಗಳು ಬೇಕು. ನಾಲ್ಕು ದಿನ ನುಂಗಿ ‘ಗುಣವಿಲ್ಲ’ ಎಂದು ಬಿಡುವವರೂ, ಸ್ವಲ್ಪ ಗುಣ ಕಂಡೊಡನೆ ವೈದ್ಯರನ್ನು ಕೇಳದೆ ನಿಲ್ಲಿಸುವವರೂ ನಷ್ಟಕ್ಕೊಳಗಾಗುತ್ತಾರೆ. ‘ಬದುಕು ಸಾಕಾಗಿದೆ’ ಎಂದು ಯಾರಾದರೂ ಅಂದಾಗ ಅದನ್ನು ಮುಚ್ಚಿ ಬೇರೆ ಮಾತು ತೆಗೆಯುವುದು ನಮ್ಮಲ್ಲಿ ಸಾಮಾನ್ಯ. ಕೇಳಿದರೆ ಆ ವಿಚಾರವನ್ನು ನಾವೇ ತಲೆಯಲ್ಲಿ ತುಂಬಿದಂತಾಗುತ್ತದೆಂಬ ಅಂಜಿಕೆ. ಅದು ನಿರಾಧಾರವಾದ ಅಂಜಿಕೆ. ನೇರವಾಗಿ, ಮೃದುವಾಗಿ ಕೇಳುವುದರಿಂದ ಅವರ ಭಾರ ಇಳಿಯುತ್ತದೆಯೆಂದೇ ಬಲ್ಲವರು ಹೇಳುತ್ತಾರೆ. ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಇದನ್ನು ಪಂಚಾಂಗದ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಓದುಗ ಬಂಧುಗಳಲ್ಲಿ ನನ್ನ ವಿನಂತಿ. ಗೃಹಪ್ರವೇಶದ ಆ ತಾಯಿಗೂ ಮರುದಿನ ಇದನ್ನೇ ತಿಳಿಸಿದೆ. ಸೊಸೆಗೆ ಬರೆದುಕೊಟ್ಟಿದ್ದ ಗುಳಿಗೆಗಳನ್ನು ‘ಹುಚ್ಚಿನ ಗುಳಿಗೆ’ಯೆಂದು ಯಾರೋ ಹೇಳಿದ್ದರಂತೆ. ಹಾಗಾಗಿ ಚೀಟಿ ಕಪಾಟಿನಲ್ಲಿಯೇ ಉಳಿದಿತ್ತು. ಅದೇ ಸಂಜೆ ತರಿಸಿದರಂತೆ.

ಆ ಹುಡುಗನ ಮಾತು ಉಳಿಯಿತು. ಮರುವರ್ಷ ಬೇಸಗೆಯಲ್ಲಿ ಅವನ ತಂದೆ ವರ್ಗಾವಣೆ ಪತ್ರಕ್ಕಾಗಿ ಕಾಲೇಜಿಗೆ ಬಂದಿದ್ದರು. ತಲೆಗೆ ರುಮಾಲು, ಹೆಗಲ ಮೇಲೆ ಕಂಬಳಿ. ಮಗ ಊರಿಗೆ ಬಂದವನು ಊಟ ಬಿಟ್ಟ, ಮಾತು ಬಿಟ್ಟ, ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಾಯತ ಕಟ್ಟಿಸಿದೆವು, ಹರಕೆ ಹೊತ್ತೆವು. ಕೊನೆಗೆ ಬೀಗರೊಬ್ಬರ ಮಾತು ಕೇಳಿ ದೊಡ್ಡ ಊರಿನ ಮನೋವೈದ್ಯರ ಬಳಿಗೆ ಒಯ್ದೆವು, ಈಗ ಎರಡು ತಿಂಗಳಿಂದ ಎದ್ದು ಓಡಾಡುತ್ತಾನೆ, ಎತ್ತಿಗೆ ಮೇವು ಹಾಕುತ್ತಾನೆ ಎಂದು ವಿವರವಾಗಿ ಹೇಳಿದರು. ಬಳಿಕ ಚೀಲದೊಳಗಿಂದ ನೋಟುಪುಸ್ತಕವನ್ನು ತೆಗೆದು, ಆ ಪುಟವನ್ನೇ ಬಿಡಿಸಿ, ನನ್ನ ಮುಂದಿಟ್ಟರು.

‘ನಮಗ ಓದಾಕ ಬರೂದಿಲ್ರಿ ಸರ. ಇದನ್ನ ತಲಿದಿಂಬಿನ ಬುಡಕ ಇಟ್ಕೊಂಡಿದ್ದ. ಅಂವ ಏನ ಬರ್ದಾನ, ನೀವು ಕೆಂಪು ಶಾಯಿಲೆ ಏನ ಬರ್ದೀರಿ, ಒಂದೀಟ ಹೇಳ್ರಿ.’

ಮಗ ಬರೆದದ್ದನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ, ‘ನನ್ನ ಜೀವ ಕುಗ್ಗಿಹೋಗೇದ ಅಂತ ಬರದಾನ’ ಎಂದೆ. ಅವರು ತಲೆಯಾಡಿಸಿದರು. ಕೆಂಪು ಮಸಿಯ ಕಡೆ ಬೆರಳು ಮಾಡಿ ಕಾಯುತ್ತ ನಿಂತರು. ಅಲ್ಲಿ ಬರೆದಿದ್ದದ್ದು ಎರಡೇ ಅಕ್ಷರ ಮತ್ತು ಒಂದು ಪುಟಸಂಖ್ಯೆ. ನಾನು ‘ತಪ್ಪು ತಿದ್ದೇನಿ’ ಎಂದೆ. ‘ಅಂದ್ರ ಅಂವ ಬರದದ್ದು ಖರೇ ಇರಲಿಲ್ಲೇನ್ರಿ?’ ಎಂದು ಕೇಳಿದರು.

‘ಖರೇ ಇತ್ತು’ ಎಂದೆ.

ಅವರು ಪುಸ್ತಕವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ನಮಸ್ಕಾರ ಮಾಡಿ, ಗುಮಾಸ್ತರ ಕೊಠಡಿಯ ಕಡೆಗೆ ಹೋದರು. ಹುಡುಗ ಎರಡು ವರ್ಷಗಳ ನಂತರ ಬೇರೊಂದು ಊರಿನಲ್ಲಿ ಓದು ಮುಂದುವರಿಸಿ ಬಿ.ಎ. ಮುಗಿಸಿದನೆಂದು ತಿಳಿಯಿತು. ಆ ವರ್ಷದಿಂದ ಪ್ರಬಂಧಗಳನ್ನು ನಾನು ಎರಡು ಸಲ ಓದತೊಡಗಿದೆ. ಮೊದಲನೆಯ ಸಲ ಪೆನ್ನನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ.